ಚೂಡಾಮಣಿಯವರ ಹಾವುಮೀನುಗಳು

ಮತ್ತೆ ಫ್ಯೂಸ್ ಹೋದಾಗ ಬದರೀನಾರಾಯಣರು ಇನ್ನೂ ಸ್ಟೂಲಿನ ಮೇಲೇ ನಿಂತಿದ್ದರು. ಹಾಲ್‌ನಲ್ಲಿ ತೀರಿಕೊಂಡ ಹೆಂಡತಿ ಚೂಡಾಮಣಿಯವರನ್ನು ಮಲಗಿಸಿದ್ದ ಗಾಜಿನ ಶೀತಲ ಪೆಟ್ಟಿಗೆಯ ಮೋಟಾರು ನಿಂತಿತು. ಹಿಂದಿನ ಕೋಣೆಯ ಫ್ರೀಜರೂ ನಿಂತಿತು.

"ಹಳೇ ವೈರಿಂಗು ಸಾರ್, ಎರಡೂ ಒಟ್ಟಿಗೆ ಎಳೆಯಲ್ಲ," ಎಂದ ಬಾಡಿಗೆಗೆ ಪೆಟ್ಟಿಗೆ ತಂದಿದ್ದ ಮುನಿರಾಜ್. "ಒಂದನ್ನ ತೆಗೀಲೇಬೇಕು."

"ಅದರಲ್ಲಿ ಯೋಚನೆ ಮಾಡಕ್ಕೇನಿದೆ?" ಪದ್ದತ್ತೆ ಗೋಡೆಗೊರಗಿ ಕೂತಲ್ಲಿಂದಲೇ ಅಂದರು. ಬದರೀನಾರಾಯಣರ ಅಕ್ಕ ಅವರು, ಎನ್.ಆರ್. ಕಾಲೋನಿಯ ಆ ಮನೆಯಲ್ಲಿ ಅವರದೇ ಕೊನೆಯ ಮಾತು. "ಚೂಡಾಮಣಿ ತಂಗಿ ಪುಣೆಯಿಂದ ಬರೋದು ಮಧ್ಯಾಹ್ನ. ಅಲ್ಲೀತನಕ ಇವಳನ್ನ ಹಾಗೇ ಇಡಕ್ಕಾಗತ್ತಾ? ಆ ಮೀನಿನ ಡಬ್ಬ ಆರಿಸಿ."

ಚೂಡಾಮಣಿಯವರ ಕೊನೆಯ ವಿದ್ಯಾರ್ಥಿನಿ ಶಿವರಂಜಿನಿ ಹಿಂದಿನ ಕೋಣೆಯ ಬಾಗಿಲು ಬಿಟ್ಟು ಕದಲಿರಲಿಲ್ಲ.

"ಕರಗಿದ್ರೆ ಮುಗೀತು ಅಕ್ಕ," ಎಂದಳು ಚೂಡಾಮಣಿಯವರ ಮಗಳು ಆರಾಧನಾಳಿಗೆ. "ಈ ಮಳೆಗಾಲದಲ್ಲಿ ಕೂಡಿಸಿದ ಮೀನಿನ ಚೂರೆಲ್ಲ ಅದರಲ್ಲೇ ಇದೆ. ಅಣೆಕಟ್ಟಿನ ಮೇಲ್ಗಡೆ ಸಿಕ್ಕಿದ್ದು ಮೇಡಂಗೆ ಇದೇ ಮೊದಲ ಸಲ. ಇವತ್ತು ಭಾನುವಾರ, ಲ್ಯಾಬಿಗೆ ಬೀಗ."

ಅಷ್ಟರಲ್ಲಾಗಲೇ ಆರಾಧನಾ ಪಕ್ಕದ ಮನೆಗೆ ಹೋಗಿ ಬಂದಿದ್ದಳು.

"ಏನಂದ್ರು?" ಎಂದರು ಅಪ್ಪ.

"ನಿಮ್ಮಮ್ಮ ದೇವರಂಥೋರು, ಆದ್ರೆ ಮೀನು ನಮ್ಮ ಫ್ರಿಜ್ಜಲ್ಲಿ ಬೇಡಮ್ಮಾ ಅಂದ್ರು."

*

ಕಾಲೇಜಿನವರು ಹಳೆಯ ಪ್ರಯೋಗಾಲಯ ಖಾಲಿ ಮಾಡಿದಾಗ ಚೂಡಾಮಣಿ ಆ ಫ್ರೀಜರನ್ನು ಮನೆಗೆ ತರಿಸಿಕೊಂಡಿದ್ದರು. ಈರುಳ್ಳಿಯೂ ಹೊಸ್ತಿಲು ದಾಟದ ಮನೆ.

"ಏನೇ ಅದರಲ್ಲಿ?" ಎಂದು ಪದ್ದತ್ತೆ ಕೇಳಿದ್ದರು.

"ಹಾವುಮೀನಿನ ಕಿವಿರು, ಪದ್ದಕ್ಕ. ಬೇಕಾ?"

ಅದಾದ ಮೇಲೆ ಬಹಳ ದಿನ ಪದ್ದತ್ತೆ ಆ ಕೋಣೆಯ ಕಡೆ ತಲೆಯೇ ಹಾಕಲಿಲ್ಲ.

ಆರಾಧನಾ ಚಿಕ್ಕವಳಿದ್ದಾಗ ಅಮ್ಮ ಅವಳನ್ನು ಘಟ್ಟದ ಕೆಳಗಿನ ಒಂದು ಹೊಳೆಗೆ ಕರೆದೊಯ್ದಿದ್ದರು. ಸಣ್ಣ ಅಣೆಕಟ್ಟು. ಅದರ ಒದ್ದೆ ಗೋಡೆಯ ಪಾಚಿಗೆ ಅಂಟಿಕೊಂಡು ಕಡ್ಡಿಯಂಥ ಮರಿಗಳು ಮೇಲೇರುತ್ತಿದ್ದವು. ಜಾರುತ್ತಿದ್ದವು, ಮತ್ತೆ ಏರುತ್ತಿದ್ದವು. ಕೈಯಲ್ಲಿದ್ದ ಚಿತ್ರಾನ್ನ ಮರೆತು ನೋಡಿದ್ದಳು.

"ಅವರಮ್ಮನ್ನ ಹುಡುಕ್ಕೊಂಡು ಹೋಗ್ತಿವೆಯಾ?"

"ಇಲ್ಲ ಪುಟ್ಟಿ. ಅವರಮ್ಮ ಯಾವ ಹೊಳೇಲಿ ಬೆಳೆದ್ಲೋ ಇವಕ್ಕೆ ಗೊತ್ತೇ ಇಲ್ಲ. ದೊಡ್ಡೋವು ಸಮುದ್ರಕ್ಕೆ ಇಳಿದು ಮೊಟ್ಟೆ ಇಡ್ತವೆ. ಮರಿಗಳು ಯಾವ ಹೊಳೆ ಸಿಕ್ಕತ್ತೋ ಅದನ್ನ ಹತ್ತತವೆ. ಎಲ್ಲಾ ಹೊಳೆಯವೂ ಒಂದೇ ಮನೆಯವು ಅಂತ ನನಗನ್ಸತ್ತೆ."

"ನಿಜಾನಾ?"

"ಅದಕ್ಕೇ ಒಂದೊಂದು ಹೊಳೆಯದ್ದೂ ಚೂರು ಕೂಡಿಸ್ತಿರೋದು. ಅವೇ ಹೇಳ್ಲಿ."

*

ಆರಾಧನಾ ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟಳು. ಇನ್ನೂ ಕೊರೆಯುತ್ತಿತ್ತು.

"ಇದರೊಳಗೆ ಐಸ್ ಇಟ್ರೆ ಕರಗತ್ತಾ?"

"ಇಲ್ಲ ಮೇಡಂ. ಗಟ್ಟಿಯಾಗೇ ಇರತ್ತೆ," ಎಂದ ಮುನಿರಾಜ್.

"ಹಾಗಾದ್ರೆ ಅವನ್ನ ಅಮ್ಮನ ಜೊತೆ ಇಡೋಣ."

"ರಾಮ ರಾಮ!" ಪದ್ದತ್ತೆ ಎದ್ದೇ ಬಿಟ್ಟರು. "ಹೆಣದ ಪಕ್ಕ ಮೀನಾ? ಆಚಾರ್ರೇ, ನೀವಾದ್ರೂ ಹೇಳಿ."

ಪುರೋಹಿತರಾದ ವಾದಿರಾಜಾಚಾರ್ ದರ್ಭೆ ಹೊಂದಿಸುತ್ತಿದ್ದವರು ತಲೆಯೆತ್ತಲಿಲ್ಲ. "ಸ್ನಾನ ಮಾಡಿಸಿ ಮಂತ್ರ ಶುರುವಾದ ಮೇಲೆ ನಾನು ಒಪ್ಪಲ್ಲ. ಅಲ್ಲೀತನಕ ಪೆಟ್ಟಿಗೆ ಮುನಿರಾಜಂದು, ನಂದಲ್ಲ."

"ನಂದೇನೂ ಅಡ್ಡಿಯಿಲ್ಲಪ್ಪ," ಎಂದ ಮುನಿರಾಜ್.

ಬದರೀನಾರಾಯಣರು ಸ್ಟೂಲಿನಿಂದ ಇಳಿದರು. ಹೆಂಡತಿಯ ಥರ್ಮಕೋಲ್ ಪೆಟ್ಟಿಗೆಗಳನ್ನು ಎಷ್ಟೋ ಸಲ ಸ್ಕೂಟರಿನಲ್ಲಿ ಹೊತ್ತು ತಂದವರು. ಒಳಗಿನದನ್ನು ಒಮ್ಮೆಯೂ ಮುಟ್ಟಿದವರಲ್ಲ. ಈಗ ಫ್ರೀಜರಿನಿಂದ ಶೀಸೆಗಳ ತಟ್ಟೆಯನ್ನು ಬರಿಗೈಯಲ್ಲೇ ಎತ್ತಿ ತಂದರು. ಶಿವರಂಜಿನಿ ಸುತ್ತ ಐಸ್ ಚೀಲ ಒತ್ತಿದಳು. ಅವರು ಅದನ್ನು ಹೆಂಡತಿಯ ಬಲಗೈ ಪಕ್ಕ ಇಟ್ಟು, ಹೊದಿಕೆ ಸರಿಮಾಡಿದರು.

"ಇವಳು ಬೇಡ ಅಂತಿರಲಿಲ್ಲ," ಎಂದರು ಅಕ್ಕನಿಗೆ.

ಫ್ರೀಜರಿನ ಪ್ಲಗ್ ಕಿತ್ತು, ಮತ್ತೆ ಫ್ಯೂಸ್ ಹಾಕಿದರು. ಪೆಟ್ಟಿಗೆಯ ಮೋಟಾರು ಗುಂಯ್ ಎಂದಿತು, ಮತ್ತೆ ನಿಲ್ಲಲಿಲ್ಲ.

ದರ್ಶನಕ್ಕೆ ಜನ ಬಂದರು. ಭಜನಾ ಮಂಡಳಿಯ ಹಿರಿಯ ಹೆಂಗಸೊಬ್ಬರು ಕನ್ನಡಕ ಏರಿಸಿ ಶೀಸೆಗಳ ಚೀಟಿ ಓದಿದರು. "ಶರಾವತಿ... ಅಘನಾಶಿನಿ... ನೇತ್ರಾವತಿ... ಅಯ್ಯೋ, ಎಲ್ಲಾ ತೀರ್ಥಾನೂ ಪಕ್ಕದಲ್ಲೇ ಇಟ್ಟಿದೀರ! ಎಂಥಾ ಪುಣ್ಯವಂತೆ."

ಆರಾಧನಾ ಬಾಯಿ ತೆರೆಯುವಷ್ಟರಲ್ಲಿ ಪದ್ದತ್ತೆಯೇ ಹೇಳಿದರು: "ಹೂಂ. ಎಲ್ಲಾ ಅವಳೇ ಹೋಗಿ ತಂದಿದ್ದು."

ಶಿವರಂಜಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಯಾರಿಗೂ ತಿಳಿಯಲಿಲ್ಲ.

ಪುಣೆಯಿಂದ ತಂಗಿ ಬಂದು ಅಕ್ಕನ ಮುಖ ನೋಡಿದ್ದಾಯಿತು. ಗಂಡಸರು ಚೂಡಾಮಣಿಯವರನ್ನು ಎತ್ತಿ ಸ್ನಾನಕ್ಕೆಂದು ಹಿತ್ತಲಿಗೆ ಒಯ್ದರು. ಅಳು ಒಮ್ಮೆಲೇ ಎದ್ದಿತು. ಎಲ್ಲರೂ ಅವರ ಹಿಂದೆ ನಡೆದರು.

ಬಾಗಿಲ ತನಕ ಹೋಗಿದ್ದ ಪದ್ದತ್ತೆ ಹಿಂದಿರುಗಿ ನೋಡಿದರು. ಪೆಟ್ಟಿಗೆ ತೆರೆದೇ ಇತ್ತು. ಬಿಳಿ ಆವಿ ಅಂಚು ದಾಟಿ ನೆಲಕ್ಕೆ ಇಳಿಯುತ್ತಿತ್ತು.

"ಮುಚ್ಚಳ ಹಾಕ್ರೋ, ಥಂಡಿಯೆಲ್ಲ ಹೋಗತ್ತೆ!"

ಯಾರೂ ಕೇಳಿಸಿಕೊಳ್ಳಲಿಲ್ಲ. ಅವರೇ ವಾಪಸು ಬಂದು, ಎರಡೂ ಕೈಯಲ್ಲಿ ಗಾಜಿನ ಮುಚ್ಚಳ ಎಳೆದು ಮುಚ್ಚಿ, ಮೂಲೆಗಳನ್ನು ಒತ್ತಿದರು. ಒಳಗೆ ಚೂಡಾಮಣಿಯವರು ಮಲಗಿದ್ದ ತಗ್ಗಿನ ಪಕ್ಕದಲ್ಲಿ ಶೀಸೆಗಳು ಸಾಲಾಗಿ ನಿಂತಿದ್ದವು, ಹಿಮ ಕಟ್ಟಿಕೊಂಡು, ಒಂದೂ ಕರಗದೆ.