ಹೆಮ್ದಾ ಅವರ ಕಸಿ ಚಾಕು

ನನ್ನ ಗಂಡ ಐಹಮ್‌ನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಹೊತ್ತಿಗೆ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳು ಮಸೀದಿಗೆ ವಾಪಸ್ ಹೋಗಿದ್ದವು. ನಾನು ಒಲೆ ಹಚ್ಚಿ ಕಾಫಿಗೆ ಇಟ್ಟೆ. ಮೂರು ದಿನ ಬಂದವರಿಗೆಲ್ಲ ಕಹಿ ಕಾಫಿ ಕೊಟ್ಟಿದ್ದೆವು. ಇವತ್ತು ಸಕ್ಕರೆ ಹಾಕಬಹುದೋ ಇಲ್ಲವೋ ತಿಳಿಯದೆ ಡಬ್ಬಿ ಹಿಡಿದು ನಿಂತಿದ್ದಾಗ ಫೋನು ಬಂತು.

“ಲುಬ್ನಾ, ಎಲ್ಲಿದ್ದಾಳೆ ಐಹಮ್? ಇನ್ನೂ ಎದ್ದಿಲ್ವಾ ಅವಳು? ನಾನು ಬಂದು ಇಪ್ಪತ್ತು ನಿಮಿಷ ಆಯ್ತು.”

ಹೆಮ್ದಾ. ಅವತ್ತು ಮಂಗಳವಾರ.

ಹೆಮ್ದಾ ಇಸ್ರೇಲಿನವರು, ವಯಸ್ಸು ಎಪ್ಪತ್ತೊಂದು. ಐಹಮ್‌ಗೆ ರಕ್ತದ ಕ್ಯಾನ್ಸರ್. ಪ್ಯಾಲೆಸ್ತೀನಿಯರಾದ ನಮಗೆ ಜೆರುಸಲೇಮಿನ ಆಸ್ಪತ್ರೆಗೆ ಹೋಗಲು ಪರವಾನಗಿ ಸಿಕ್ಕಿತ್ತು, ಹೋಗಲು ಗಾಡಿ ಇರಲಿಲ್ಲ. ಚೆಕ್‌ಪೋಸ್ಟಿನ ಆಚೆ ಬದಿಯಲ್ಲಿ ರೋಗಿಗಳನ್ನು ಹತ್ತಿಸಿಕೊಳ್ಳುವ ಕೆಲವರಲ್ಲಿ ಅವರೂ ಒಬ್ಬರು. ಇಪ್ಪತ್ತಾರು ಮಂಗಳವಾರ ನಮ್ಮನ್ನು ಕರೆದೊಯ್ದು, ಸಂಜೆ ತಂದು ಬಿಟ್ಟರು. ಅರಬ್ಬಿಯನ್ನು ಅವರು ಕಲಿತದ್ದು ಹಣ್ಣಿನ ತೋಟದಲ್ಲಿ ಜೊತೆಗೆ ದುಡಿಯುತ್ತಿದ್ದ ನಮ್ಮ ಹೆಂಗಸರಿಂದ. ಹಾಗಾಗಿ ಅವರ ಅರಬ್ಬಿಯಲ್ಲಿ ಗಂಡಸರೇ ಇಲ್ಲ, ಎಲ್ಲರೂ ‘ಅವಳು’. ಐಹಮ್ ಕಾರು ಹತ್ತುವಾಗ, “ಬಂದಳು ದೊಡ್ಡಮ್ಮ, ನಿಮ್ಮ ಹುಡುಗಿ” ಅನ್ನುತ್ತಿದ್ದ. ಆಮೇಲೆ ಶಾಂತಿಯ ಸಮಾಚಾರ ಏನು ಎಂದು ಕೇಳುತ್ತಿದ್ದ. ಹೊಸದೇನಿಲ್ಲ, ಸಿಗ್ನಲ್ ಮಾತ್ರ ಹಸಿರಾಗಿದೆ ಎಂದು ಅವರು ಗೇರ್ ಹಾಕುತ್ತಿದ್ದರು.

ಸತ್ತ ಸುದ್ದಿಯನ್ನು ಅಮ್ಮಾನಿನ ಸೋದರಮಾವನಿಗೆ ತಿಳಿಸಿದ್ದೆವು, ಚಿಲಿಯಲ್ಲಿರುವ ಅತ್ತೆಯ ತಂಗಿಗೂ ತಿಳಿಸಿದ್ದೆವು. ಹನ್ನೆರಡು ಕಿಲೋಮೀಟರ್ ದೂರದ ಹೆಮ್ದಾಗೆ ಯಾರೂ ತಿಳಿಸಿರಲಿಲ್ಲ. ನಾನು ಹೇಳಿದೆ. ಸ್ವಲ್ಪ ಹೊತ್ತು ಇಲ್ಲೇ ಕೂತಿದ್ದು ಹೋಗುತ್ತೇನೆ ಅಂದರು. ಫೋನಿಡುವ ಮೊದಲು, ನಿಮ್ಮ ಚಾಕು ನಮ್ಮಲ್ಲೇ ಉಳಿದಿದೆ ಅಂದೆ.

ಅದು ಕಸಿ ಕಟ್ಟುವ ಚಾಕು, ಮಡಿಸುವಂಥದ್ದು. ಐಹಮ್ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಆದರೆ ಜೀವವೆಲ್ಲ ಮನೆಯ ಮೇಲಿನ ಕಲ್ಲುಕಟ್ಟೆಯ ಜಮೀನಿನಲ್ಲಿ. ಫೆಬ್ರವರಿಯಲ್ಲಿ ಹೆಮ್ದಾ ತಮ್ಮ ಪ್ಲಮ್ ಮರದ ಕಡ್ಡಿಗಳನ್ನು ಒದ್ದೆ ಹೀಬ್ರೂ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟರು. ನಿಮ್ಮ ಕಹಿ ಬಾದಾಮಿ ಮರದ ಮೇಲೆ ಕಟ್ಟು, ಅಡಿಗೆಮನೆ ಚಾಕುವಿನಲ್ಲಿ ಮರ ಕೊಲ್ಲಬೇಡ ಎಂದು ನಲವತ್ತು ವರ್ಷದಿಂದ ಜೇಬಿನಲ್ಲಿದ್ದ ತಮ್ಮ ಚಾಕುವನ್ನೇ ಕೊಟ್ಟರು. ಇವನು ಜೇಬಿಗೆ ಹಾಕಿಕೊಂಡ. ಮುಂದಿನ ವಾರ ಕೊಡುತ್ತೇನೆ ಅಂದ.

ನಾವು ಊರಿಗೆ ಮರಳುವಾಗ ಯಾರೂ ತಪಾಸಣೆ ಮಾಡುವುದಿಲ್ಲ. ಆಚೆಗೆ ಹೋಗುವಾಗ ಬೆಲ್ಟು ಬಿಚ್ಚಬೇಕು. ಮೂವತ್ತೆರಡರ ಪ್ಯಾಲೆಸ್ತೀನಿ ಗಂಡಸು ಜೇಬಿನಲ್ಲಿ ಚಾಕು ಇಟ್ಟುಕೊಂಡು ಆ ಗೇಟಿಗೆ ಹೋದರೆ ಕಸಿಯ ವಿಷಯ ಬಿಡಿಸಿ ಹೇಳಲು ಅವನಿಗೆ ಸಮಯ ಸಿಗುವುದಿಲ್ಲ. ಇದು ಕೊಟ್ಟವರಿಗೂ ಹೊಳೆದಿರಲಿಲ್ಲ, ಇಸಿದುಕೊಂಡವನಿಗೂ ಹೊಳೆದಿರಲಿಲ್ಲ. ಇಬ್ಬರ ತಲೆಯಲ್ಲೂ ಮರ ಮಾತ್ರ ಇತ್ತು. ಮನೆಗೆ ಬಂದ ಮೇಲೆ ಫೋನಿನಲ್ಲಿ ಇದು ಹೊಳೆದಾಗ ಇಬ್ಬರೂ ನಕ್ಕರು, ಆಮೇಲೆ ನಗು ನಿಂತಿತು.

ಕೊನೆಯ ವಾರ ಐಹಮ್ ಹೆಚ್ಚು ಮಾತಾಡುತ್ತಿರಲಿಲ್ಲ. ಅದನ್ನ ತಲುಪಿಸು, ಅದು ಅಮಾನತ್ತು, ಅಂದಿದ್ದ. ಅಮಾನತ್ತು, ಅಂದರೆ ನಂಬಿ ಕೊಟ್ಟ ವಸ್ತು, ಮರಳದಿದ್ದರೆ ಸತ್ತವನಿಗೆ ನೆಮ್ಮದಿಯಿಲ್ಲ ಎನ್ನುವುದು ನಮ್ಮಲ್ಲಿನ ನಂಬಿಕೆ. ವಿಶ್ವವಿದ್ಯಾಲಯದಲ್ಲಿ ಓದುವಾಗ ಇಂಥವನ್ನೆಲ್ಲ ನಾನು ಅಷ್ಟಾಗಿ ನಂಬುತ್ತಿರಲಿಲ್ಲ. ಈಗ ನನಗೆ ಬೇಕಾಗಿದ್ದದ್ದು ಅದೊಂದೇ. ಆದರೆ ನನ್ನ ಪರವಾನಗಿ ರೋಗಿಯ ಜೊತೆಗೆ ಹೋಗುವವಳೆಂದು ಕೊಟ್ಟದ್ದು. ಅವನೊಂದಿಗೆ ಅದೂ ಮುಗಿದಿತ್ತು.

ಮಧ್ಯಾಹ್ನ ಹೆಮ್ದಾ ಮತ್ತೆ ಫೋನು ಮಾಡಿದರು. ನೀನು ಎಲ್ಲಿಗೂ ಬರಬೇಡ, ಶುಕ್ರವಾರ ನಾನೇ ಬರುತ್ತೇನೆ, ನಿಮ್ಮ ಊರಿನ ದಾರಿಯಲ್ಲಿ ನಮ್ಮವರು ಹೋಗಬಾರದೆನ್ನುವ ಕೆಂಪು ಬೋರ್ಡು ಇಲ್ಲವಲ್ಲ, ಅಂದರು.

ಬೋರ್ಡು ಇರಲಿಲ್ಲ. ಐಹಮ್‌ನ ಅಣ್ಣ, ನನ್ನ ಭಾವ ಮುಂತಸಿರ್ ಇದ್ದರು. ಆ ಇಸ್ರೇಲಿ ಹಳದಿ ನಂಬರ್ ಪ್ಲೇಟು ನಮ್ಮ ಅಂಗಳಕ್ಕೆ ಬರುವುದು ಬೇಡ ಅಂದರು. ಕೋಪದಲ್ಲಿ ಹೇಳಲಿಲ್ಲ. ಎರಡು ವರ್ಷ ಅವರು ಆ ಕಡೆಯ ಜೈಲಿನಲ್ಲಿದ್ದವರು.

“ಅವರು ಹಾಕಿದ ಬೇಲಿ ಆಚೆ ನನ್ನ ಹದಿನೆಂಟು ಆಲಿವ್ ಮರ ಇದೆ. ಅದನ್ನ ಯಾರು ವಾಪಸ್ ಕೊಡ್ತಾರಮ್ಮ? ನಾವು ಮಾತ್ರ ಒಂದು ಚಾಕುಗೆ ಇಷ್ಟು ಒದ್ದಾಡಬೇಕಾ?”

ಅತ್ತೆ ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದರು. ತಲೆಯೆತ್ತದೆಯೇ ಕೇಳಿದರು, “ಗೋರಿ ಹತ್ರ ಎದ್ದು ನಿಂತು ನೀನು ಏನಂದೆ ಮಗನೇ?”

ಮಣ್ಣು ಹಾಕುವ ಮೊದಲು ಮನೆಯ ಹಿರಿಯ ಎದ್ದು ಹೇಳಲೇಬೇಕಾದ ಮಾತು ಅದು: ನನ್ನ ತಮ್ಮ ಯಾರದೇನಾದರೂ ಇಟ್ಟುಕೊಂಡಿದ್ದರೆ ನನ್ನನ್ನು ಕೇಳಿ.

“ನೀನು ಯಾರದೇನಾದರೂ ಅಂದೆ,” ಅತ್ತೆ ಹೇಳಿದರು. “ನಮ್ಮೋರದ್ದು ಅಂತ ಅನ್ನಲಿಲ್ಲ.”

ಭಾವ ಸಿಗರೇಟು ಹಚ್ಚಿಕೊಂಡು ಹೊರಗೆ ಹೋದರು.

ಶುಕ್ರವಾರ ಊರ ತಿರುವಿನಲ್ಲಿ ಭಾವ ಬೆಳಿಗ್ಗೆಯಿಂದಲೇ ನಿಂತಿದ್ದರಂತೆ. ಹೆಮ್ದಾ ಅವರ ಕಾರಿನ ಮೇಲೆ ಕಲ್ಲು ಬೀಳಬಾರದೆಂದು ಅದರ ಮುಂದೆ ತಾವೇ ನಡೆದು ಬಂದರು. ಮುನ್ನೂರು ಹೆಜ್ಜೆ, ನೆರೆಯವರೆಲ್ಲ ನೋಡುತ್ತಿದ್ದಂತೆ. ಆ ಮುನ್ನೂರು ಹೆಜ್ಜೆಯನ್ನು ನಾನು ಮರೆಯಲಾರೆ.

ಹೆಮ್ದಾ ಅತ್ತೆಯ ಪಕ್ಕ ಕೂತರು. ಅವರಲ್ಲಿ ಸಾವಿನ ಮನೆಯಲ್ಲಿ ಬಂದವರು ಮೊದಲು ಮಾತಾಡುವಂತಿಲ್ಲವಂತೆ. ನಮ್ಮಲ್ಲಿ ಬಂದವರೇ ಮೊದಲು ಸಾಂತ್ವನ ಹೇಳಬೇಕು. ಇಬ್ಬರೂ ಇನ್ನೊಬ್ಬರು ಆರಂಭಿಸಲಿ ಎಂದು ಕಾಯುತ್ತಾ ಸುಮ್ಮನೆ ಕೂತರು. ಕೊನೆಗೆ ಅತ್ತೆ ಹೆಮ್ದಾ ಅವರ ಮೊಣಕಾಲ ಮೇಲೆ ಕೈಯಿಟ್ಟು, “ಕಾಫಿಗೆ ಸಕ್ಕರೆ ಹಾಕ್ಕೊತೀಯಾ?” ಎಂದು ಕೇಳಿದರು. ಹೆಮ್ದಾ ಹೂಂ ಎಂದು ತಲೆಯಾಡಿಸಿದರು. ನಾನು ಎಲ್ಲರ ಕಾಫಿಗೂ ಹಾಕಿದೆ.

ಆಮೇಲೆ ಮೇಲಿನ ಜಮೀನಿಗೆ ಹೋದೆವು. ಹನ್ನೊಂದು ಕಸಿಯಲ್ಲಿ ಏಳು ಹಿಡಿದಿದ್ದವು, ಗೇಣುದ್ದ ಚಿಗುರು ಬಂದಿತ್ತು. ಹೆಮ್ದಾ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, “ಚೆನ್ನಾಗಿ ಕಟ್ಟಿದ್ದಾಳೆ” ಅಂದರು. ಭಾವ ಮುಖ ತಿರುಗಿಸಿದರು. ನಕ್ಕರೋ ಏನೋ ಕಾಣಲಿಲ್ಲ.

ಇನ್ನೊಂದು ಮಾತು ಉಳಿದಿತ್ತು. ವಸ್ತು ಕೊಡುವ ಮೊದಲು, ಸತ್ತವನನ್ನು ಕ್ಷಮಿಸಿ ಎಂದು ಅದರ ಒಡೆಯರನ್ನು ಹಿರಿಯ ಕೇಳಬೇಕು. ಭಾವ ಅದನ್ನು ಬಿಟ್ಟುಬಿಡಬಹುದಿತ್ತು. ನಾನು ನೆನಪಿಸುತ್ತಿರಲಿಲ್ಲ. ಅವರು ಬಾದಾಮಿ ಮರವನ್ನೇ ನೋಡುತ್ತಾ ಕೇಳಿದರು, “ನನ್ನ ತಮ್ಮನನ್ನ ಕ್ಷಮಿಸಿದಿರಾ?”

“ಕ್ಷಮಿಸಿದೆ,” ಅಂದರು ಹೆಮ್ದಾ. ಸ್ವಲ್ಪ ತಡೆದು, “ಆ ಹದಿನೆಂಟು ಮರದ ವಿಷಯ ಲುಬ್ನಾ ಹೇಳಿದಳು. ಕೊಡಿಸ್ತೀನಿ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನನ್ನ ಕೈಲಿ ಆಗಲ್ಲ. ಆದರೆ ಅವು ನಿನ್ನವು ಅಂತ ನನಗೆ ಗೊತ್ತು. ಕೇಳಿದೋರಿಗೆಲ್ಲ ಹಾಗೇ ಹೇಳ್ತೀನಿ.”

ಭಾವ ಸಿಗರೇಟಿನ ಪ್ಯಾಕು ತೆಗೆದು ಮೊದಲು ಅವರ ಕಡೆ ಚಾಚಿದರು.

ನಾನು ಜೇಬಿನಿಂದ ಚಾಕು ತೆಗೆದೆ. ಹಿಂದಿನ ದಿನ ಅದಕ್ಕೆ ಎಣ್ಣೆ ಹಚ್ಚಿ ಒರೆಸಿದ್ದೆ. ಮಡಿಸಿದ ಚಾಕುವನ್ನು ಅವರ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ನಾನೇ ಮುಚ್ಚಿದೆ.