ಶಾಲೆ ದೂರ ಹೋಗುವ ಮುನ್ನ ಒಂದು ಮಾತು

ಎದುರಿಗೆ ಮಗಳು ತಟ್ಟೆ ಮುಟ್ಟದೆ ಕೂತಿದ್ದರೆ ಯಾವ ಅಪ್ಪನಿಗೆ ತುತ್ತು ಗಂಟಲಲ್ಲಿ ಇಳಿಯುತ್ತದೆ? ಕ್ಷೌರದಂಗಡಿಯ ಅಣ್ಣನೂ ಕೈ ತೊಳೆದುಬಿಟ್ಟ.

"ಏನಾಯ್ತೇ ಪುಟ್ಟಿ?"

"ನಮ್ಮ ಶಾಲೆನ ಊರಾಚೆ ಕಲ್ಲುಕ್ವಾರಿ ಹತ್ತಿರ ಸಾಗಿಸ್ತಾರಂತೆ ಅಪ್ಪಾ. ನಾನು ಬಿಟ್ಟುಬಿಡ್ತೀನಿ."

ಮತ್ತೆ ಬಿಡುವುದೇ, ಅಂದುಕೊಂಡ ಅಣ್ಣ. ಹೆಂಡತಿ ಹಾಸಿಗೆ ಹಿಡಿದಾಗ ಪುಟ್ಟಿ ಎಂಟನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟಿದ್ದಳು. ಕೆಲವು ವರ್ಷ ಕಳೆದು, ಅಮ್ಮ ತೀರಿಕೊಂಡ ಮೇಲೆ ಒಂಬತ್ತಕ್ಕೆ ಹೋಗಿ ಕೂತರೆ, ಚಿಕ್ಕ ಮಕ್ಕಳು "ಆಂಟಿ, ಆಂಟಿ" ಅಂತ ಕಾಡಿದರು. ಅವಳು ಮನೆ ಸೇರಿಕೊಂಡಳು, ಮಾತೂ ಕಮ್ಮಿಯಾಯಿತು. ಆಮೇಲೆ ಸಿಕ್ಕಿದ್ದೇ ಈ ಪರ್ಯಾಯ ಶಾಲೆ. ಹೈಸ್ಕೂಲು ಅರ್ಧಕ್ಕೆ ಬಿಟ್ಟ ಮಕ್ಕಳಿಗೆಂದೇ ಸರ್ಕಾರ ನಡೆಸುವಂಥದ್ದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಬೇಕರಿಯಲ್ಲಿ ಕೆಲಸ ಕಲಿಯುವುದು. ಈಗೀಗ ಪುಟ್ಟಿ ಪಾತ್ರೆ ತೊಳೆಯುತ್ತಾ ಹಾಡು ಗುನುಗುತ್ತಿದ್ದಳು. ಅಪ್ಪ ಅದನ್ನು ಕದ್ದು ಕೇಳುತ್ತಿದ್ದ.

ಕ್ವಾರಿ ದಾರಿಯಲ್ಲಿ ಲಾರಿಗಳದ್ದೇ ರಾಜ್ಯ. ಬಸ್ಸಿಲ್ಲ. ಮಧ್ಯಾಹ್ನಕ್ಕೆ ಬೇಕರಿ ಮುಟ್ಟುವುದಂತೂ ಆಗದ ಮಾತು.

ಪಕ್ಕದ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವಳು ಅಪ್ಪ ಮಗಳ ಮುಖ ನೋಡಿಯೇ ಒಳಗೆ ಬಂದು ಕೂತು ವಿಷಯ ಕೇಳಿದಳು.

"ಅದಿನ್ನೂ ಬರೀ ಪ್ರಸ್ತಾವ ಅಣ್ಣಾ, ಆದೇಶ ಆಗಿಲ್ಲ. ಸೋಮವಾರ ಟೌನ್ ಹಾಲಲ್ಲಿ ಅಹವಾಲು ಸಭೆ ಇದೆ. ಪೋಷಕರು ಯಾರು ಬೇಕಾದರೂ ಮಾತಾಡಬಹುದು."

"ಸುಮ್ನಿರಮ್ಮ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ದೊಡ್ಡವರು ತೀರ್ಮಾನ ಮಾಡಾಗಿದೆ, ಕತ್ತರಿ ಹಿಡಿಯೋನ ಮಾತು ಯಾರು ಕೇಳ್ತಾರೆ?"

"ಅಳದ ಮಗುವಿಗೆ ತಾಯಿನೂ ಹಾಲು ಕೊಡಲ್ಲ ಅಣ್ಣಾ. ಅಲ್ಲ, ಎಂಥಾ ಸಾಹೇಬರಾದರೂ ನಿನ್ನ ಕುರ್ಚಿಲಿ ಕೂತರೆ ತಲೆ ಬಗ್ಗಿಸಲೇಬೇಕಲ್ಲ? ಅವರಿಗೆ ಯಾಕೆ ಹೆದರ್ತೀಯ?"

ಪುಟ್ಟಿ ಫಕ್ಕನೆ ನಕ್ಕಳು. ಆ ನಗು ನೋಡಿ ಅಣ್ಣ ಅರ್ಧ ಕರಗಿದ.

"ಆದರೆ ಬೈಯೋಕೆ ಹೋಗಬಾರದು," ಅಂದಳು ನರ್ಸಮ್ಮ. "ಯಾಕೆ ಸಾಗಿಸ್ತಾರೆ ಅಂತ ಮೊದಲು ತಿಳ್ಕೊಳ್ಳೋಣ."

ಮರುದಿನ ಮೂವರೂ ಶಾಲೆಗೆ ಹೋದರು. ಟೀಚರು ಗೋಡೆ ತೋರಿಸಿದರು. ಮೂಲೆಯಿಂದ ಸೂರಿನವರೆಗೆ ಬಿರುಕು, ಕೈ ತೂರುವಷ್ಟು. ಅಣ್ಣ ಅದರೊಳಗೆ ಕೈ ಇಟ್ಟು ನೋಡಿದ. ಇಲ್ಲೇ ಇರಲಿ ಅನ್ನಲು ಯಾವ ಬಾಯಿ?

ವಾಪಸು ಬರುವಾಗ ಪುಟ್ಟಿಯೇ ಕೇಳಿದಳು, "ಅತ್ತೆ, ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೇ ವಾರ್ಡಲ್ಲಿ ಯಾರಿದ್ದಾರೆ?"

"ಪಾರಿವಾಳಗಳು!" ಅಂದ ನರ್ಸಮ್ಮ ಅಲ್ಲೇ ನಿಂತುಬಿಟ್ಟಳು. ಮೂವರೂ ಹೋಗಿ ನೋಡಿದರು. ಗಟ್ಟಿ ಗೋಡೆ, ನೀರು, ಶೌಚಾಲಯ. ಬೇಕರಿಗೆ ನಡೆದೇ ಹೋಗಬಹುದು. ಸಂಜೆ ಬೇರೆ ಮಕ್ಕಳ ಮನೆಗಳಿಗೂ ಹೋಗಿ ಸಭೆಗೆ ಬನ್ನಿ ಎಂದು ಕರೆದು ಬಂದರು.

ಸೋಮವಾರ ಸಭೆಯಲ್ಲಿ ಮೈಕು ಅಣ್ಣನ ಕೈಗೆ ಬಂತು. ದಿನವಿಡೀ ಗಿರಾಕಿಗಳ ಜೊತೆ ಹರಟುವವನು ಅದನ್ನು ಕತ್ತರಿಯ ಹಾಗೆ ಹಿಡಿದು ಮಗಳತ್ತ ನೋಡಿದ. ಪುಟ್ಟಿ ಮೆಲ್ಲಗೆ ಅವನ ಅಂಗಿಯ ತೋಳು ಹಿಡಿದಳು.

"ಸ್ವಾಮಿ, ಇವಳ ಅಮ್ಮನ ಬಾಯಿಗೆ ಕೊನೇ ನೀರು ಬಿಟ್ಟಿದ್ದು ಈ ಕೈ," ಅಂದ ಅಣ್ಣ, ಮಗಳ ಕೈ ಹಿಡಿದು. "ಬೇರೆ ಶಾಲೆಲಿ ವಯಸ್ಸಾಯ್ತು ಅಂತ ನಕ್ಕರು. ಈ ಶಾಲೆ ಬಾ ಮಗಳೇ ಅಂತು. ದೂರ ಹೋದರೆ ಇವಳು ಮತ್ತೆ ಮೂಲೆ ಸೇರ್ತಾಳೆ."

ಅಧಿಕಾರಿ ಕನ್ನಡಕ ತೆಗೆದರು. "ನಿಮ್ಮ ಕಷ್ಟ ಗೊತ್ತಾಗುತ್ತಪ್ಪ. ಆದರೆ ಗೋಡೆ ಬಿದ್ದರೆ?"

"ಅಲ್ಲೇ ಇರಲಿ ಅಂತ ನಾವು ಹಠ ಹಿಡೀತಿಲ್ಲ. ಹಳೇ ವಾರ್ಡು ಖಾಲಿ ಇದೆ, ಒಂದ್ಸಲ ನೋಡಿ ಅಂತೀವಿ."

ಹಿಂದಿನ ಸಾಲುಗಳಿಂದ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಎದ್ದು ದನಿಗೂಡಿಸಿದರು.

ಅಧಿಕಾರಿಗಳು ವಾರ್ಡು ನೋಡಿದರು, ಇಂಜಿನಿಯರನ್ನು ಕರೆಸಿದರು. ಒಂದಿಷ್ಟು ದಿನ ಸುದ್ದಿಯೇ ಇಲ್ಲ. ನರ್ಸಮ್ಮ ಬಿಡದೆ ಕಚೇರಿಗೆ ಹೋಗಿ ವಿಚಾರಿಸುತ್ತಿದ್ದಳು. ಕೊನೆಗೆ ಆದೇಶ ಬಂತು: ಶಾಲೆ ಹಳೇ ವಾರ್ಡಿಗೆ. ಬೇಕಾದ್ದೆಲ್ಲ ಸಿಗಲಿಲ್ಲ, ಅಲ್ಲಿ ಆಟದ ಬಯಲಿಲ್ಲ, ಅದನ್ನು ಪೋಷಕರು ಇನ್ನೂ ಕೇಳುತ್ತಲೇ ಇದ್ದಾರೆ.

ಶಾಲೆ ತೆರೆದ ದಿನ ಅಣ್ಣ ಬಾಗಿಲವರೆಗೂ ಹೋದ. ಪುಟ್ಟಿ ಒಳಗೆ ಕಾಲಿಟ್ಟವಳು ತಿರುಗಿ, "ಅಪ್ಪಾ, ಇನ್ನು ನೀನು ಹೋಗು, ಗಿರಾಕಿಗಳು ಕಾಯ್ತಿರ್ತಾರೆ," ಎಂದು ಗದರಿದಳು, ಥೇಟು ಅವಳ ಅಮ್ಮನ ಹಾಗೆ. ಅಣ್ಣ ಕಣ್ಣೊರೆಸಿಕೊಂಡು ನಗುತ್ತಾ ಅಂಗಡಿಯತ್ತ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಮಕ್ಕಳ ಶಾಲೆ ಸಾಗಿಸುವ ಮಾತು ಬಂದರೆ ಹಣೆಬರಹ ಅಂತ ಕೂರಬೇಡಿ. ಯಾಕೆ ಅಂತ ಕೇಳಿ. ಅಹವಾಲು ಸಭೆ ಯಾವಾಗ ಅಂತ ವಿಚಾರಿಸಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ, ಮಕ್ಕಳಿಗೆ ಏನು ಬೇಕು ಅನ್ನುವುದನ್ನು ನಿಮ್ಮ ಬಾಯಲ್ಲೇ ಹೇಳಿ. ಒಮ್ಮೆ ಓದು ಬಿಟ್ಟು ಮತ್ತೆ ಬಂದ ಮಗು ಎರಡನೇ ಸಲ ಬಿಡದಿರಲಿ.