ಹೆಗ್ಡೆಯವರ ಸಂಬಂಧಿಕ

ಅರವತ್ತರ ದಶಕದಲ್ಲಿ ಮೂಡುಬಿದಿರೆಯ ಬಳಿ ಹೊಸ ಕಾಲೇಜು ತೆರೆಯುವಾಗ ಪ್ರಿನ್ಸಿಪಾಲರನ್ನು ಹುಡುಕುವ ಸಮಿತಿಗೆ ಕಮಲಾಕ್ಷ ಹೆಗ್ಡೆಯವರು ಅಧ್ಯಕ್ಷರು. ಸದಸ್ಯರು ಇಬ್ಬರೇ: ಮುಂಡಾಜೆಯ ಮೇಷ್ಟ್ರಾದ ನಾನು, ಬಂಟ್ವಾಳದ ಮರದ ವ್ಯಾಪಾರಿ ಹಸೈನಾರ್. ಸಮಿತಿಯವರ ಸಂಬಂಧಿಕರಿಗೆ ಕೆಲಸ ಕೊಡಬಾರದೆಂಬ ನಿಯಮವನ್ನು ಹಟ ಹಿಡಿದು ಬರೆಸಿದವನು ನಾನೇ. ಕೊನೆಗೆ ತಲೆ ಕೆಟ್ಟದ್ದೂ ನನ್ನದೇ.

ಮೊದಲ ಅರ್ಜಿ ಹೆಗ್ಡೆಯವರ ಅಕ್ಕನ ಮಗ ನಿತ್ಯಾನಂದನದು. ಹೆಗ್ಡೆಯವರು ಅದನ್ನು ಓದದೆ ಬದಿಗಿಟ್ಟರು.

"ಇವ ನನ್ನ ಅಳಿಯ. ನಾಳೆ ನನ್ನ ಮನೆಯ ಯಜಮಾನ. ಆಗ್ಲಿಕ್ಕಿಲ್ಲ."

ಎಂಥ ಮನುಷ್ಯ ಎಂದುಕೊಂಡೆ. ಎರಡನೆಯದು ರಮಾನಾಥ ಶೆಟ್ಟಿಯದು. ಮದರಾಸಿನಲ್ಲಿ ಪಾಠ ಮಾಡುತ್ತಿದ್ದ ಅವನಷ್ಟು ಯೋಗ್ಯ ಇನ್ನೊಬ್ಬನಿರಲಿಲ್ಲ.

"ಇವರನ್ನು ಕರೆಯುವ," ಎಂದರು ಹೆಗ್ಡೆಯವರು.

"ಇವರು ನಿಮ್ಮ ಸ್ವಂತ ಮಗ ಅಲ್ವಾ?" ಎಂದೆ.

"ಹೌದು ಭಟ್ರೇ, ಅದಕ್ಕೇನು? ನಮ್ಮದು ಅಳಿಯಸಂತಾನ, ಮನೆ ಆಸ್ತಿ ಎಲ್ಲ ಅಕ್ಕತಂಗಿಯರ ಮಕ್ಕಳಿಗೆ. ಮಗ ತಾಯಿಯ ಮನೆಯವ, ಶೆಟ್ಟಿ ಅಂತ ಹೆಸರೂ ಅಲ್ಲಿಯದೇ. ಪುತ್ತಿಗೆಯಲ್ಲಿ ಮಾವನ ಹತ್ತಿರ ಬೆಳೆದವ. ನನ್ನ ಮನೆಗೂ ಅವನಿಗೂ ಸಂಬಂಧ ಇಲ್ಲ."

ಇದು ಉಪಾಯವೇ ಎಂದು ಸಿಟ್ಟಿನಿಂದ ಮುಖ ನೋಡಿದರೆ ಅಲ್ಲಿ ಕಪಟವೇ ಇರಲಿಲ್ಲ. ಹಸೈನಾರರತ್ತ ತಿರುಗಿದೆ.

"ನನ್ನನ್ನು ನೋಡ್ಬೇಡಿ ಮಾರಾಯ್ರೆ," ಎಂದರು ಅವರು. "ನನಗೂ ಅರ್ಥ ಆಗುದಿಲ್ಲ."

ಸಂದರ್ಶನದ ದಿನ ಹೆಗ್ಡೆಯವರು ಮಗನನ್ನು 'ನೀವು' ಎಂದೇ ಮಾತಾಡಿಸಿದರು. ಅವನು ಎಲ್ಲಕ್ಕೂ ಚೆನ್ನಾಗಿ ಉತ್ತರಿಸಿದ. ಕೊನೆಗೆ ನನ್ನ ನಿಯಮದ ಪ್ರಶ್ನೆಯನ್ನು ನಾನೇ ಕೇಳಬೇಕಾಯಿತು.

"ಸಮಿತಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದ್ರೂ ಉಂಟಾ?"

ರಮಾನಾಥ ಹೆಗ್ಡೆಯವರನ್ನೇ ನೋಡಿದ.

"ಅಧ್ಯಕ್ಷರೇ ಹೇಳಲಿ. ಅವರು ಹೇಳಿದ್ದು ನನಗೆ ಒಪ್ಪಿಗೆ."

'ಇಲ್ಲ' ಎಂದರೆ ಮುಗಿಯಿತು, ಕೆಲಸ ಅವನದೇ. ನಮ್ಮೆದುರು ಆ ಮಾತನ್ನು ಸಲೀಸಾಗಿ ಆಡಿದ್ದ ಹೆಗ್ಡೆಯವರು ಈಗ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮಗನ ಮುಖ ನೋಡಿದರು.

"ಉಂಟು," ಎಂದರು. "ಇವ ನನ್ನ ಮಗ. ಈ ಕೆಲಸ ಇವನಿಗೆ ಆಗ್ಲಿಕ್ಕಿಲ್ಲ."

ರಮಾನಾಥ ಎದ್ದು ಮೇಜು ಬಳಸಿ ಬಂದು ಅವರ ಕಾಲು ಮುಟ್ಟಿದ. ಕೆಲಸ ಸಿಕ್ಕವರ ಮುಖದಲ್ಲೂ ಅಷ್ಟು ಸಂತೋಷವನ್ನು ನಾನು ಕಂಡಿಲ್ಲ.

"ಬರ್ತೇನೆ ಅಪ್ಪ," ಎಂದು ಹೊರಟುಹೋದ.

ಹೆಗ್ಡೆಯವರು ಅವನ ಅರ್ಜಿಯನ್ನು ನಿತ್ಯಾನಂದನ ಅರ್ಜಿಯ ಮೇಲಿಟ್ಟರು.

"ಒಳ್ಳೆ ಪ್ರಿನ್ಸಿಪಾಲ್ ಆಗ್ತಿದ್ದ. ನಾನು ಮಾಡಿದ್ದು ಸರಿಯಾ ಭಟ್ರೇ?"

ನಿಯಮ ಬರೆಸಿದವನು ನಾನು. ನನಗೆ ಗೊತ್ತಾಗಲಿಲ್ಲ.